36 ವರ್ಷ, ಎಎಂಎಚ್ 1.1. "ಎಗ್ ಕ್ವಾಲಿಟಿ ಹೋಗಿದೆ" ಅಂದರು, ನಿಜವಾ?

ಹಾಸನದ_ಸೊಸೆ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 36. ಮದುವೆಯಾಗಿ ಮೂರು ವರ್ಷ. ಮೊದಲ ಎರಡು ವರ್ಷ ನಾವೇ ಬೇಡ ಅಂತ ಮುಂದೂಡಿದೆವು. ಮನೆ ಸಾಲ, ನನ್ನ ಪ್ರಮೋಷನ್ನು, ಎಲ್ಲರ ಮನೆಯ ಕಥೆಯೇ. ಈಗ ಒಂಬತ್ತು ತಿಂಗಳಿಂದ ಪ್ರಯತ್ನ ಮಾಡುತ್ತಿದ್ದೇವೆ, ಏನೂ ಇಲ್ಲ. ನಾನು ಬೆಂಗಳೂರಿನಲ್ಲಿ, ಇವರಿಗೆ ಕಲಬುರಗಿಗೆ ಟ್ರಾನ್ಸ್‌ಫರ್ ಆಗಿದೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ರೈಲು ಹತ್ತುತ್ತಾರೆ. ನನ್ನ ಡೇಟ್ 27-28 ದಿನಕ್ಕೆ ಸರಿಯಾಗಿ ಬರುತ್ತದೆ. ಥೈರಾಯ್ಡ್ ಇಲ್ಲ, ಶುಗರ್ ಇಲ್ಲ.

ಹೋದ ತಿಂಗಳು ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ಎಎಂಎಚ್ (ಅಂಡಾಶಯದ ಒಂದು ಹಾರ್ಮೋನು) ಅಂತ ಒಂದು ರಕ್ತದ ಟೆಸ್ಟೂ ಸೇರಿತ್ತು. 1.1 ಬಂತು. ಹೆದರಿ ಒಂದು ಫರ್ಟಿಲಿಟಿ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಐದು ನಿಮಿಷ ಮಾತಾಡಿದರು. "ವಯಸ್ಸಾಯಿತು, ಎಗ್ ಕ್ವಾಲಿಟಿ ಹೋಗಿದೆ, ನೇರ ಐವಿಎಫ್ ಮಾಡೋಣ" ಅಂದರು, ಅದೇ ಟೆಸ್ಟ್ ಟ್ಯೂಬ್ ಬೇಬಿ. ಆಮೇಲೆ ಕೌನ್ಸೆಲರ್ ಅಂತ ಒಬ್ಬ ಹುಡುಗಿ ನನ್ನನ್ನು ಅರ್ಧ ಗಂಟೆ ಕೂರಿಸಿಕೊಂಡು ಮೂರು ಸೈಕಲ್ಲಿನ ಪ್ಯಾಕೇಜು, ಇಎಂಐ, ಈ ವಾರವೇ ಕಟ್ಟಿದರೆ ಎಷ್ಟು ಡಿಸ್ಕೌಂಟು, ಎಲ್ಲ ಹೇಳಿದಳು. ಆಷಾಢದ ಸೀರೆ ಸೇಲ್ ನೆನಪಾಯಿತು ನನಗೆ. ಇವರಿಗೆ ಏನಾದರೂ ಟೆಸ್ಟ್ ಬೇಕಾ ಅಂತ ಯಾರೂ ಕೇಳಲಿಲ್ಲ. ಇವರೂ ಕೇಳಲಿಲ್ಲ ಬಿಡಿ.

ನಮ್ಮ ಅತ್ತೆಯವರದು ಇನ್ನೊಂದು ರಾಗ. ಅವರ ಅಮ್ಮ ಕೊನೆಯ ಮಗನನ್ನು ಹೆತ್ತಾಗ 43 ಅಂತೆ. "ಆಂಧ್ರದಲ್ಲಿ 74 ವರ್ಷದ ಮುದುಕಿ ಅವಳಿ ಹೆತ್ತಳು, ಟೀವೀಲಿ ನೋಡಲಿಲ್ವಾ, ನಿನಗೇನು ಅವಸರ" ಅನ್ನುತ್ತಾರೆ.

ಒಬ್ಬರು ಈ ವಾರವೇ ದುಡ್ಡು ಕಟ್ಟು ಅನ್ನುತ್ತಾರೆ, ಇನ್ನೊಬ್ಬರು 74ರ ತನಕ ಟೈಮಿದೆ ಅನ್ನುತ್ತಾರೆ. ನನಗೆ ಬೇಕಾಗಿರುವುದು ಇಷ್ಟೇ. ಎಗ್ ಕ್ವಾಲಿಟಿ ಅಂದರೆ ಏನು? 1.1 ಅನ್ನುವ ಸಂಖ್ಯೆಯಿಂದ ಅದು ಗೊತ್ತಾಗುತ್ತದಾ? ಮಾತ್ರೆ ಗೀತ್ರೆ ತಗೊಂಡು ಸರಿ ಮಾಡಿಕೊಳ್ಳಬಹುದಾ?

——

ಲ್ಯಾಬ್_ಕೋಟು:

ನಾನು ಎಂಬ್ರಿಯಾಲಜಿಸ್ಟ್, ಅಂದರೆ ಐವಿಎಫ್ ಲ್ಯಾಬಿನಲ್ಲಿ ಎಗ್, ಭ್ರೂಣ ನೋಡಿಕೊಳ್ಳುವವಳು, ಹನ್ನೊಂದು ವರ್ಷದಿಂದ ಇದೇ ಕೆಲಸ. ಡಾಕ್ಟರಲ್ಲ, ಹಾಗಾಗಿ ನಿಮಗೆ ಯಾವ ಚಿಕಿತ್ಸೆ ಬೇಕು ಅಂತ ಹೇಳುವುದಿಲ್ಲ. ಎಗ್ ಬಗ್ಗೆ ಹೇಳಬಲ್ಲೆ, ದಿನ ಬೆಳಗಾದರೆ ಅದನ್ನೇ ನೋಡುವುದು.

ಮೊದಲು ಎಎಂಎಚ್. ಅದು ಉಳಿದಿರುವ ಎಗ್‌ಗಳ ಎಣಿಕೆ, ಗುಣ ಅಲ್ಲ. ಹಾಸನ ಕಡೆಯವರು ಅಂದರೆ ರಾಗಿ ಬಿತ್ತನೆ ನೋಡಿರುತ್ತೀರಿ. ನಮ್ಮಪ್ಪ ಮಳೆಗೆ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ ಇಡುತ್ತಿದ್ದರು. ಕೆಲವು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳೆತಿವೆ ಅಂತ ಎಣಿಸುವುದು ನನ್ನ ಕೆಲಸ. ಮನೆಯಲ್ಲಿ ಎಷ್ಟು ಸೇರು ಬೀಜ ಇದೆ ಅನ್ನುವುದು ಒಂದು ಲೆಕ್ಕ, ಅದರಲ್ಲಿ ಎಷ್ಟು ಮೊಳೆಯುತ್ತದೆ ಅನ್ನುವುದು ಬೇರೆ ಲೆಕ್ಕ. ಎಎಂಎಚ್ ಹೇಳುವುದು ಸೇರಿನ ಲೆಕ್ಕ ಮಾತ್ರ. ಐವಿಎಫ್‌ಗೆ ಇಂಜೆಕ್ಷನ್ ಕೊಟ್ಟರೆ ಎಷ್ಟು ಎಗ್ ಸಿಗಬಹುದು ಅಂತ ಅಂದಾಜು ಮಾಡಲು ಅದು ಒಳ್ಳೆಯ ಟೆಸ್ಟು. ಸಹಜವಾಗಿ ಗರ್ಭ ನಿಲ್ಲುತ್ತದಾ ಇಲ್ಲವಾ ಅಂತ ಹೇಳಲು ಅಲ್ಲ. 2017ರಲ್ಲಿ ಅಮೆರಿಕದ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆಗತಾನೇ ಮಗುವಿಗಾಗಿ ಪ್ರಯತ್ನ ಶುರು ಮಾಡಿದ್ದ, 30ರಿಂದ 44 ವಯಸ್ಸಿನ 750 ಹೆಂಗಸರನ್ನು ಗಮನಿಸಿದ್ದರು. ಎಎಂಎಚ್ ಕಡಿಮೆ ಇದ್ದವರಿಗೂ ಸರಿಯಾಗಿದ್ದವರಿಗೂ ಗರ್ಭ ನಿಲ್ಲುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ತಿಂಗಳಿಗೆ ಬೇಕಾಗಿರುವುದು ಒಂದೇ ಎಗ್ ಅಲ್ವಾ.

ಈಗ ಕ್ವಾಲಿಟಿ. ಇದು ನಿಜವಾಗಲೂ ವಯಸ್ಸಿನ ಜೊತೆ ಇಳಿಯುತ್ತದೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗಂಡಸರಲ್ಲಿ ವೀರ್ಯಾಣು ಸುಮಾರು ಎರಡೂವರೆ ತಿಂಗಳಿಗೆ ಹೊಸದಾಗಿ ತಯಾರಾಗುತ್ತದೆ. ಹೆಂಗಸರ ಎಗ್ ಹಾಗಲ್ಲ. ನೀವು ನಿಮ್ಮಮ್ಮನ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ನಿಮ್ಮ ಅಂಡಾಶಯದಲ್ಲಿ 60-70 ಲಕ್ಷ ಎಗ್ ಇದ್ದವು. ಹುಟ್ಟುವಾಗ 10-20 ಲಕ್ಷ. ಮೈನೆರೆಯುವ ಹೊತ್ತಿಗೆ 3-5 ಲಕ್ಷ. ಜೀವಮಾನದಲ್ಲಿ ಹೊರಗೆ ಬರುವುದು 400-500 ಮಾತ್ರ, ಉಳಿದವು ಅಲ್ಲೇ ಕರಗಿ ಹೋಗುತ್ತವೆ, ನೀವು ಮಾತ್ರೆ ತಗೊಂಡರೂ ಅಷ್ಟೇ ಬಿಟ್ಟರೂ ಅಷ್ಟೇ. ಅಂದರೆ ಈ ತಿಂಗಳು ಬರುವ ಎಗ್ಗಿಗೂ 36 ವರ್ಷ, ಇನ್ನೂ ಕೆಲವು ತಿಂಗಳು ಜಾಸ್ತಿ.

ಆ ಎಗ್ ಒಳಗೆ ಕ್ರೋಮೋಸೋಮುಗಳು, ಅಂದರೆ ವಂಶವಾಹಿಗಳ ಎಳೆಗಳು, ಜೋಡಿಯಾಗಿ ನಿಂತಿರುತ್ತವೆ. ಎಗ್ ಹೊರಗೆ ಬರುವಾಗ ಅವು ಸರಿಯಾಗಿ ಪಾಲಾಗಿ, 46ರಲ್ಲಿ 23 ಒಳಗೆ ಉಳಿಯಬೇಕು. ಅಲ್ಲಿಯ ತನಕ ಅವನ್ನು ಹಿಡಿದು ಕಟ್ಟಿರುವುದು ಕೊಹೆಸಿನ್ ಅನ್ನುವ ಪ್ರೋಟೀನು. ಹೂವಿನ ದಂಡೆಗೆ ಬಾಳೆ ನಾರು ಇದ್ದ ಹಾಗೆ. ಕಟ್ಟಿದ್ದು ನೀವು ಹುಟ್ಟುವ ಮುಂಚೆ, ಆಮೇಲೆ ಹೊಸ ನಾರು ಹಾಕುವ ಏರ್ಪಾಡು ಇಲ್ಲ. ವರ್ಷ ಕಳೆದಂತೆ ನಾರು ಒಣಗಿ ಸಡಿಲ ಆಗುತ್ತದೆ, ಪಾಲು ಮಾಡುವ ಹೊತ್ತಿಗೆ ಒಂದು ಹೂವು ಆ ಕಡೆ ಬೀಳುವ ಬದಲು ಈ ಕಡೆ ಬೀಳುತ್ತದೆ. ಎಗ್ ಕ್ವಾಲಿಟಿ ಅಂದರೆ ಮುಕ್ಕಾಲು ಪಾಲು ಇದೇ. ಐವಿಎಫ್ ಭ್ರೂಣಗಳನ್ನು ಪರೀಕ್ಷೆ ಮಾಡಿದಾಗ 35ರ ಹೆಂಗಸರಲ್ಲಿ ಮೂರರಲ್ಲಿ ಒಂದು ಹೀಗೆ ಲೆಕ್ಕ ತಪ್ಪಿರುತ್ತದೆ, 40ರಲ್ಲಿ ಅರ್ಧಕ್ಕಿಂತ ಜಾಸ್ತಿ, 43ಕ್ಕೆ ಐದರಲ್ಲಿ ನಾಲ್ಕು. ಲೆಕ್ಕ ತಪ್ಪಿದವು ಹೆಚ್ಚಾಗಿ ನಿಲ್ಲುವುದೇ ಇಲ್ಲ, ನಿಂತರೂ ಎರಡು ಮೂರು ತಿಂಗಳಲ್ಲಿ ಹೋಗುತ್ತವೆ. 21ನೇ ಕ್ರೋಮೋಸೋಮ್ ಒಂದು ಜಾಸ್ತಿಯಾಗಿ ಮಗು ಹುಟ್ಟಿದರೆ ಅದು ಡೌನ್ ಸಿಂಡ್ರೋಮ್. ತಾಯಿಗೆ 25 ಇದ್ದಾಗ ಸುಮಾರು 1,250ಕ್ಕೆ ಒಂದು, 35ಕ್ಕೆ 350ಕ್ಕೆ ಒಂದರ ಆಸುಪಾಸು, 40ಕ್ಕೆ 100ಕ್ಕೆ ಒಂದು.

ಒಂದು ವಿಷಯ ಹೇಳುತ್ತೇನೆ, ಹೊರಗಿನವರಿಗೆ ಗೊತ್ತಿರುವುದಿಲ್ಲ. 28ರ ಹುಡುಗಿಯ ಎಗ್ಗನ್ನೂ 42ರವರ ಎಗ್ಗನ್ನೂ ಅಕ್ಕಪಕ್ಕ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ ಅಂದರೆ ಯಾವುದು ಯಾರದು ಅಂತ ನನಗೇ ಹೇಳಲು ಬರುವುದಿಲ್ಲ. ಎರಡೂ ದುಂಡಗೆ, ಸುತ್ತ ಗಾಜಿನಂಥ ಒಂದು ಪೊರೆ. ಹಾಗಿರುವಾಗ ರಕ್ತದ ರಿಪೋರ್ಟು ನೋಡಿ "ನಿಮ್ಮ ಕ್ವಾಲಿಟಿ ಹೋಗಿದೆ" ಅಂತ ಯಾರಾದರೂ ಹೇಳಿದರೆ, ಅವರು ನಿಮ್ಮ ಎಗ್ ನೋಡಿ ಹೇಳುತ್ತಿಲ್ಲ, ನಿಮ್ಮ ಹುಟ್ಟಿದ ತಾರೀಖು ನೋಡಿ ಹೇಳುತ್ತಿದ್ದಾರೆ.

ಇನ್ನು ನಿಮ್ಮತ್ತೆ ಹೇಳಿದ, ಗುಂಟೂರಿನಲ್ಲಿ ಅವಳಿ ಹೆತ್ತ ಆಂಧ್ರದ ಅಜ್ಜಿ. 2019ರ ಸುದ್ದಿ, ನಿಜ. ಆದರೆ ಎಗ್ ಅವರದಲ್ಲ, ದಾನಿಯದು. ಗರ್ಭಕೋಶಕ್ಕೆ ಹಾರ್ಮೋನು ಕೊಟ್ಟರೆ ಎಷ್ಟೋ ಕಾಲ ಹೊರುತ್ತದೆ, ಹಳತಾಗುವುದು ಎಗ್ಗು. ಅತ್ತೆಗೆ ಇದನ್ನು ಹೇಳಿ. ಈಗ 2021ರ ಕಾನೂನು ಬಂದ ಮೇಲೆ ನಮ್ಮ ದೇಶದಲ್ಲಿ 50 ದಾಟಿದ ಹೆಂಗಸಿಗೆ ಐವಿಎಫ್ ಮಾಡುವ ಹಾಗೂ ಇಲ್ಲ.

——

ಕರಾವಳಿ_ಅಜ್ಜಿಮದ್ದು:

ಇಷ್ಟೆಲ್ಲ ಲೆಕ್ಕ ಯಾಕೆ? ನಮ್ಮ ಅಜ್ಜಿಯರು ಯಾವ ಎಎಂಎಚ್ ನೋಡಿ ಹೆತ್ತರು? ನಮ್ಮ ದೊಡ್ಡಜ್ಜಿಗೆ 45ಕ್ಕೆ ಮಗು. ಶತಾವರಿ ಪುಡಿ ಹಾಲಿಗೆ ಹಾಕಿ ಮೂರು ತಿಂಗಳು ಕುಡಿಯಿರಿ, ಮನಸ್ಸು ಶಾಂತ ಇಡಿ, ತನ್ನಷ್ಟಕ್ಕೆ ಆಗುತ್ತದೆ.

——

ಲ್ಯಾಬ್_ಕೋಟು:

ಅಜ್ಜಿಯರ ಮಾತು ಸುಳ್ಳಲ್ಲ, ಅರ್ಧ ಅಷ್ಟೇ. ಆ 45ರ ಮಗು ಎಷ್ಟನೆಯದು ಕೇಳಿ ನೋಡಿ, ಒಂಬತ್ತನೆಯದೋ ಹತ್ತನೆಯದೋ ಇರುತ್ತದೆ. 18ರಿಂದ ಹೆರುತ್ತಾ ಬಂದವರ ಕೊನೆಯ ಮಗುವಿಗೂ, 38ಕ್ಕೆ ಮೊದಲ ಮಗುವಿಗೆ ಶುರು ಮಾಡುವವರಿಗೂ ತಾಳೆ ಹಾಕಲು ಬರುವುದಿಲ್ಲ. ಗರ್ಭನಿರೋಧಕವೇ ಇಲ್ಲದ ಕಾಲದ ದಾಖಲೆ ತೆಗೆದರೂ ಕೊನೆಯ ಹೆರಿಗೆಯ ಸರಾಸರಿ ವಯಸ್ಸು 40-41. ಮುಟ್ಟು ನಿಲ್ಲುವುದು ಅದಾದ ಎಷ್ಟೋ ವರ್ಷಕ್ಕೆ. ನಡುವಿನ ಆ ವರ್ಷಗಳಲ್ಲಿ ತಿಂಗಳು ತಿಂಗಳು ಡೇಟ್ ಬರುತ್ತಿರುತ್ತದೆ, ಮಗು ಮಾತ್ರ ಆಗುವುದಿಲ್ಲ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ಕ್ಕೆ, ಪಾಶ್ಚಾತ್ಯರಿಗಿಂತ ನಾಲ್ಕೈದು ವರ್ಷ ಬೇಗ. ಹಾಗಾಗಿ ಅಲ್ಲಿನ ಹಾಲಿವುಡ್ ಸುದ್ದಿ ಓದಿಕೊಂಡು ನಾವು ಲೆಕ್ಕ ಹಾಕುವುದು ಬೇಡ.

ಶತಾವರಿ, ಕೋಕ್ಯೂ10, ಡಿಎಚ್‌ಇಎ ಅನ್ನುವ ಮಾತ್ರೆಗಳು, ಯಾವುದೂ ಒಣಗಿದ ನಾರನ್ನು ಹಸಿ ಮಾಡುತ್ತದೆ ಅಂತ ಗಟ್ಟಿ ಪುರಾವೆ ಇಲ್ಲ. ಡಾಕ್ಟರೂ ಬರೆದು ಕೊಡುತ್ತಾರೆ, ನಷ್ಟವಿಲ್ಲ ಅಂತ. ನಷ್ಟ ಇರುವುದು "ಮೂರು ತಿಂಗಳು ಕುಡಿದು ನೋಡೋಣ" ಅಂತ ಕೂತಾಗ, 39ರವರಿಗೆ ಮೂರು ತಿಂಗಳು ಸಣ್ಣದಲ್ಲ. ಸಿಗರೇಟು ಬಿಡುವುದರಿಂದ ಮಾತ್ರ ಲಾಭ ಖಂಡಿತ, ಸೇದುವವರಿಗೆ ಮುಟ್ಟೇ ಒಂದೆರಡು ವರ್ಷ ಬೇಗ ನಿಲ್ಲುತ್ತದೆ. ಫೋಲಿಕ್ ಆಸಿಡ್ ಬೇಕು, ಅದು ಎಗ್ಗಿಗಲ್ಲ, ಮಗುವಿನ ಬೆನ್ನುಹುರಿಗೆ.

——

ಗಡಿಬಿಡಿ_ಗೌರಮ್ಮ:

ಹಾಸನದ_ಸೊಸೆ, ಯಾರೂ ಗಮನಿಸಿಲ್ಲವಾ ಅಥವಾ ನನಗೊಬ್ಬಳಿಗೇ ಕಂಡಿದ್ದಾ? ಯಜಮಾನರು ಬರುವುದು 14 ದಿನಕ್ಕೊಮ್ಮೆ. ನಿಮ್ಮ ಸೈಕಲ್ಲು 28. ಎರಡು ಹದಿನಾಲ್ಕು ಇಪ್ಪತ್ತೆಂಟು! ಅಂದರೆ ಪ್ರತಿ ತಿಂಗಳೂ ಅವರು ಹೆಚ್ಚು ಕಡಿಮೆ ಅದೇ ದಿನಕ್ಕೆ ಬರುತ್ತಾರೆ. ಎಗ್ ಹೊರಬಂದ ಮೇಲೆ ಬದುಕುವುದು ಒಂದು ದಿನ, ಗಂಡಸಿನದು ಒಳಗೆ ಐದು ದಿನ ಇರಬಹುದು. ಹಾಗಾಗಿ ನಿಮಗೆ ಲೆಕ್ಕಕ್ಕೆ ಬರುವುದು ಸುಮಾರು 8-9ನೇ ದಿನದಿಂದ 14ನೇ ದಿನದ ತನಕ. ಅವರು ಬರುವುದು 4ಕ್ಕೂ 18ಕ್ಕೂ ಆಗಿದ್ದರೆ ಒಂಬತ್ತು ತಿಂಗಳಲ್ಲ, ಒಂಬತ್ತು ವರ್ಷ ಆದರೂ ಅಷ್ಟೇ. ಕ್ಯಾಲೆಂಡರ್ ತೆಗೆದು ಒಮ್ಮೆ ನೋಡಿ. ಐವಿಎಫ್ ಪ್ಯಾಕೇಜಿಗಿಂತ ರೈಲ್ವೆ ಟಿಕೆಟ್ಟು ಅಗ್ಗ.

——

ಮೌನಿ_ಮೈಸೂರು:

ಗೌರಮ್ಮನವರ ಲೆಕ್ಕ ನೋಡಿ ನಗು ಬಂತು, ಆದರೆ ಅದೇ ಮುಖ್ಯ.

ನನ್ನ ಕಥೆ ಬೇರೆ. 38ಕ್ಕೆ ತಾನಾಗಿಯೇ ನಿಂತಿತ್ತು. ಒಂಬತ್ತನೇ ವಾರದ ಸ್ಕ್ಯಾನಿಂಗಿನಲ್ಲಿ ಆಕೆ ಸ್ಕ್ರೀನನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡಳು, ಆಗಲೇ ನನಗೆ ಗೊತ್ತಾಯಿತು. ಮನೆಯಲ್ಲಿ ವಿಚಾರಣೆ ಶುರುವಾಯಿತು. ಪಪ್ಪಾಯಿ ತಿಂದೆಯಾ? ಎಳ್ಳುಂಡೆ? ಸ್ಕೂಟರ್ ಯಾಕೆ ಓಡಿಸಿದೆ? ಅದಕ್ಕೂ ಎರಡು ವಾರ ಮುಂಚೆ ನಾನು ಚಾಮುಂಡಿ ಬೆಟ್ಟ ಮೆಟ್ಟಿಲಲ್ಲಿ ಹತ್ತಿದ್ದೆ, ಹರಕೆ ತೀರಿಸಲು. ಸಾವಿರ ಮೆಟ್ಟಿಲು. ಯಾರಿಗೂ ಹೇಳಲಿಲ್ಲ, ನಾನೇ ಕೊಂದೆ ಅಂತ ಒಳಗೊಳಗೇ ಅಂದುಕೊಂಡು ಎರಡು ತಿಂಗಳು ಊಟ ಸೇರಲಿಲ್ಲ. ಆಮೇಲೆ ಟೆಸ್ಟಿಗೆ ಕಳಿಸಿದ್ದ ತುಣುಕಿನ ರಿಪೋರ್ಟು ಬಂತು. 16ನೇ ಕ್ರೋಮೋಸೋಮ್ ಎರಡರ ಬದಲು ಮೂರು. ಡಾಕ್ಟರು ಹೇಳಿದರು, ಹೀಗೆ ಹೋಗುವವುಗಳಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ, ನೀವು ಹಾಸಿಗೆಯಿಂದ ಏಳದೇ ಇದ್ದಿದ್ದರೂ ಹೋಗುತ್ತಿತ್ತು ಅಂತ. ಆ ಒಂದು ಹಾಳೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ. 40ರ ಆಸುಪಾಸಿನಲ್ಲಿ ಮೂರರಲ್ಲಿ ಒಂದು ಬಸಿರು ಹೀಗೆ ಹೋಗುತ್ತದೆ, 30ರೊಳಗೆ ಹತ್ತರಲ್ಲಿ ಒಂದು.

39ಕ್ಕೆ ಐವಿಎಫ್. ಹನ್ನೊಂದು ದಿನ ಹೊಟ್ಟೆಗೆ ಇಂಜೆಕ್ಷನ್ನು, ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟಿನ ಪಕ್ಕ ಅದರ ಡಬ್ಬ. ಆರು ಎಗ್ ಸಿಕ್ಕವು. ಬಲಿತದ್ದು ನಾಲ್ಕು. ಫಲಿಸಿದ್ದು ಮೂರು. ಐದನೇ ದಿನದ ತನಕ ಉಳಿದದ್ದು ಒಂದು. ಅದೂ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಲ್ಯಾಬಿನಿಂದ ಫೋನ್ ಬರುತ್ತಿತ್ತು, ದಿನಾ ಒಂದು ಕಡಿಮೆ. ಎರಡನೇ ಸಲವೂ ಹಾಗೇ. ಐವಿಎಫ್ ಅಂದರೆ ವಯಸ್ಸನ್ನು ಹಿಂದಕ್ಕೆ ತಿರುಗಿಸುವ ಯಂತ್ರ ಅಂದುಕೊಂಡಿದ್ದೆ, ಅದು ಟ್ಯೂಬು (ಗರ್ಭನಾಳ), ವೀರ್ಯಾಣುಗಳ ತೊಂದರೆಗೆ ದಾರಿ ಮಾಡಿಕೊಡುತ್ತದೆ, ಎಗ್ಗಿನ ವಯಸ್ಸಿಗೆ ಅದರಲ್ಲಿ ಔಷಧಿ ಇಲ್ಲ. ಇದನ್ನು ದುಡ್ಡು ಕಟ್ಟುವ ಮುಂಚೆ ಯಾರಾದರೂ ಹೇಳಬೇಕಿತ್ತು.

41ಕ್ಕೆ ದಾನಿ ಎಗ್ ತಗೊಂಡೆವು. ಹೊಸ ಕಾನೂನಿನಲ್ಲಿ ದಾನಿಗೆ 23ರಿಂದ 35 ಇರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಎಗ್ ತೆಗೆಯುವಂತಿಲ್ಲ, ಹಾಗಾಗಿ ಕಾಯಬೇಕಾಯಿತು. ಮೊದಲ ಸಲವೇ ನಿಂತಿತು. ಅದೇ ಗರ್ಭಕೋಶ, ಅದೇ ನಾನು. ಮಗಳಿಗೀಗ 14 ತಿಂಗಳು. ನೋಡಲು ಬಂದ ನಾದಿನಿ "ಮೂಗು ಥೇಟ್ ನಿಂದೇ" ಅಂದಳು. ನಾನು ಹೂಂ ಅಂದೆ.

——

ಒಬ್ಬ_ಗಂಡಸು:

ಚಿಕ್ಕದಾಗಿ ಹೇಳುತ್ತೇನೆ. ಯಜಮಾನರನ್ನು ಸೆಮೆನ್ ಟೆಸ್ಟಿಗೆ ಕಳಿಸಿ. ಇವತ್ತೇ. ನಮ್ಮ ಮನೆಯಲ್ಲಿ ಎರಡು ವರ್ಷ ಹೆಂಡತಿಗೇ ಎಲ್ಲ ಟೆಸ್ಟು, ಟ್ಯೂಬಿಗೆ ಬಣ್ಣದ ನೀರು ಬಿಟ್ಟು ಎಕ್ಸ್‌ರೇ ತೆಗೆಯುವುದು ಕೂಡ ಆಯಿತು, ಅದರ ನೋವಿಗೆ ಅವಳು ನನ್ನ ಕೈ ಹಿಡಿದದ್ದು ಉಗುರಿನ ಗುರುತು ಬೀಳುವಷ್ಟು. ಆಗಲೂ ನಾನು ನನಗೇನಾಗಿದೆ ಅಂತಲೇ ಇದ್ದೆ. ಕೊನೆಗೆ ಮಾಡಿಸಿದೆ. ಒಂದು ಮಿಲಿ ಲೀಟರಿಗೆ 16 ಮಿಲಿಯನ್ ವೀರ್ಯಾಣು ಇರಬೇಕಾದ ಕಡೆ ನನ್ನದು 4. ಸಾವಿರ ರೂಪಾಯಿಯೊಳಗಿನ ಟೆಸ್ಟು, ಎರಡರಿಂದ ಏಳು ದಿನ ಸಂಯಮ, ಒಂದು ಡಬ್ಬಿ. ಅಷ್ಟಕ್ಕೆ ಎರಡು ವರ್ಷ ಅವಳ ವಯಸ್ಸನ್ನು ತಿಂದೆ.

——

ವೈಟ್‌ಫೀಲ್ಡ್_29:

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನಗಿನ್ನೂ ಮದುವೆ ಆಗಿಲ್ಲ, ಸದ್ಯಕ್ಕೆ ಆಗುವ ಲಕ್ಷಣವೂ ಇಲ್ಲ. ಎಗ್ ಫ್ರೀಜ್ ಮಾಡಿಸಿದರೆ ಈ ತಲೆನೋವೆಲ್ಲ ತಪ್ಪುತ್ತದಾ ಲ್ಯಾಬ್ ಅಕ್ಕ?

——

ಲ್ಯಾಬ್_ಕೋಟು:

ತಪ್ಪುವುದಿಲ್ಲ, ಕಡಿಮೆ ಆಗಬಹುದು. 2017ರಲ್ಲಿ ಬಂದ ಒಂದು ಲೆಕ್ಕಾಚಾರ ಹೇಳುತ್ತೇನೆ. ಮುಂದೆ ಒಂದು ಮಗು ಆಗುವ ಸಾಧ್ಯತೆ 75% ಬೇಕು ಅಂದರೆ 34ರಲ್ಲಿ 10 ಬಲಿತ ಎಗ್ ಇಡಬೇಕು, 37ರಲ್ಲಿ 20, 42ರಲ್ಲಿ 61. 42ರಲ್ಲಿ ಒಂದು ಸೈಕಲ್ಲಿಗೆ ನಾಲ್ಕೈದು ಸಿಕ್ಕರೆ ಪುಣ್ಯ, ನೀವೇ ಭಾಗಿಸಿ ನೋಡಿ. ಫ್ರೀಜ್ ಮಾಡಿದರೆ ಎಗ್ಗಿನ ವಯಸ್ಸು ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ 29-33ರೊಳಗೆ ಮಾಡಿದರೆ ಅರ್ಥ ಇದೆ. ನಮ್ಮಲ್ಲಿ ಇಡಲು ಹತ್ತು ವರ್ಷದ ಮಿತಿ ಇದೆ. ಜಾಹೀರಾತಿನಲ್ಲಿ ಇನ್ಶೂರೆನ್ಸ್ ಅನ್ನುತ್ತಾರೆ, ನಾನಾದರೆ ಲಾಟರಿ ಚೀಟಿ ಅನ್ನುತ್ತೇನೆ. ಕಟ್ಟಿದವರಿಗೆಲ್ಲ ಬರುವುದಿಲ್ಲ.

——

ಹಾಸನದ_ಸೊಸೆ:

ಎಲ್ಲರಿಗೂ ಉತ್ತರ ಬರೆಯಲು ಹತ್ತು ದಿನ ಆಯಿತು, ಕ್ಷಮಿಸಿ.

ಗೌರಮ್ಮನವರೇ, ಫೋನಿನ ಕ್ಯಾಲೆಂಡರೂ ರೈಲಿನ ಟಿಕೆಟ್ ಮೆಸೇಜುಗಳೂ ಇಟ್ಟುಕೊಂಡು ಕೂತೆ. ಮೊದಲ ಏಳು ತಿಂಗಳು ಇವರು ಬಂದಾಗೆಲ್ಲ ನನಗೆ ನಾಲ್ಕರಿಂದ ಏಳನೇ ದಿನದೊಳಗೆ, ಇಲ್ಲವೇ ಹದಿನೆಂಟರ ಮೇಲೆ. ಕೊನೆಯ ಎರಡು ತಿಂಗಳು ಮಾತ್ರ ಎಂಟು ಒಂಬತ್ತನೇ ದಿನಕ್ಕೆ ಬಂದಿದೆ. ಅಂದರೆ ನಾವು ಒಂಬತ್ತು ತಿಂಗಳು ಪ್ರಯತ್ನ ಮಾಡಿಲ್ಲ, ಎರಡು ತಿಂಗಳು, ಅದೂ ಅಂಚಿನಲ್ಲಿ. ಇವರಿಗೆ ಫೋನಿನಲ್ಲಿ ಹೇಳಿದರೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಮ್ಯಾನೇಜರ್ ಹತ್ರ ರಜೆ ಏನಂತ ಕೇಳಲಿ" ಅಂದರು.

ಬೇರೆ ಡಾಕ್ಟರ ಹತ್ತಿರ ಹೋದೆ, ಪ್ಯಾಕೇಜ್ ಇಲ್ಲದ ಮಾಮೂಲಿ ಹೆರಿಗೆ ಡಾಕ್ಟರು. ಮುಟ್ಟಿನ ಎರಡನೇ ದಿನ ಸ್ಕ್ಯಾನ್ ಮಾಡಿದರು, ಎರಡೂ ಕಡೆ ಸೇರಿ ಒಂಬತ್ತು ಫಾಲಿಕಲ್ (ಎಗ್ ಇರುವ ಪುಟ್ಟ ಚೀಲ) ಕಂಡವು, ಈ ವಯಸ್ಸಿಗೆ ಪರವಾಗಿಲ್ಲ ಅಂದರು. 35ರೊಳಗಿದ್ದರೆ ಒಂದು ವರ್ಷ ಕಾದು ನೋಡಿ ಅನ್ನುತ್ತಾರಂತೆ, ಮೇಲಿದ್ದರೆ ಆರು ತಿಂಗಳು, 40 ದಾಟಿದರೆ ಕಾಯುವುದೇ ಬೇಡ. ನನಗೆ, ಸರಿಯಾದ ದಿನ ನೋಡಿಕೊಂಡು ನಾಲ್ಕು ತಿಂಗಳು, ಆ ನಡುವೆ ಟ್ಯೂಬ್ ಟೆಸ್ಟ್ ಮುಗಿಸಿಬಿಡೋಣ, ಆಗಲೂ ಆಗದಿದ್ದರೆ ಮುಂದಿನದು ಅಂದರು. ಆ ನಾಲ್ಕು ತಿಂಗಳನ್ನು ಡೈರಿಯಲ್ಲಿ ಬರೆದು ಗೆರೆ ಹಾಕಿದ್ದಾರೆ, ಅದಕ್ಕಿಂತ ಮುಂದೆ ಹೋಗುವ ಹಾಗಿಲ್ಲವಂತೆ. ಇವರ ಟೆಸ್ಟೂ ಆಯಿತು. ಸಂಖ್ಯೆ ಸರಿ ಇದೆ, ಓಡಾಟ ಸ್ವಲ್ಪ ಕಡಿಮೆ. ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು.

ಅತ್ತೆಯವರಿಗೆ ಗುಂಟೂರಿನ ವಿಷಯ ಹೇಳಿದೆ. ಬೇರೆಯವರ ಎಗ್ಗು ಅಂದಿದ್ದಕ್ಕೆ "ಹಂಗಾ" ಅಂತ ಸುಮ್ಮನಾದರು. ಅವರ ಅಮ್ಮನ ಬಗ್ಗೆ ಕೇಳಿದೆ, 43ರ ಮಗನಿಗೂ ಅದರ ಹಿಂದಿನ ಮಗುವಿಗೂ ಎಷ್ಟು ವರ್ಷ ಅಂತರ ಅಂತ. ಆರು ವರ್ಷ ಅಂದರು. ನಡುವೆ? ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು, ಕೈ ನಿಲ್ಲಿಸಿ ಯೋಚಿಸಿದರು. "ನಿಂತಿದ್ವು, ಉಳೀಲಿಲ್ಲ" ಅಂದರು. ಎಷ್ಟು ಅಂತ ಕೇಳಿದೆ. ಬೆರಳಲ್ಲಿ ಎಣಿಸಿದರು. ಮೂರು.

ಇವರ ಎರಡನೇ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಲ್ಯಾಬ್ ಅಕ್ಕ, ಓಡಾಟ 28% ಅಂದರೆ ಬಹಳ ಕಡಿಮೆನಾ?